ಹಿಇಯಕಳ ಪಯಣ: ಹವಾಯಿ ದ್ವೀಪಗಳ ಒಂದು ಐತಿಹ್ಯವೂ ಇತಿಹಾಸಕಾರನ ಹೊಣೆಯೂ

ಐತಿಹ್ಯಗಳನ್ನು ಇತಿಹಾಸದ ಆಕರಗಳನ್ನಾಗಿ ಬಳಸುವ ವಿಚಾರದಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಎರಡು ಪಂಗಡಗಳಿರುವುದನ್ನು ನಾವು ಬಲ್ಲೆವು. ಶಾಸನ, ನಾಣ್ಯ, ಕಡತ ಇವುಗಳಲ್ಲಿ ಕಾಣದಿರುವುದು ಇತಿಹಾಸವೇ ಅಲ್ಲವೆಂದು ಒಂದು ಪಂಗಡದವರು ಹೇಳುತ್ತಾರೆ. ಕಥೆಯೊಳಗಿನ ಪ್ರತಿಯೊಂದು ಭೂತದ ಹಿಂದೆಯೂ ಒಬ್ಬ ಅರಸನನ್ನೋ ಒಂದು ಬುಡಕಟ್ಟನ್ನೋ ಕಂಡೇ ತೀರುವೆವೆಂದು ಇನ್ನೊಂದು ಪಂಗಡದವರು ಹೊರಡುತ್ತಾರೆ. ಈ ಇಬ್ಬರಿಗೂ ಪಾಠ ಹೇಳಬಲ್ಲ ಒಂದು ಕಥೆ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿದೆ. ಹರೆಯಕ್ಕೆ ಕಾಲಿಟ್ಟ ಒಬ್ಬ ಹುಡುಗಿ ತನ್ನ ಅಕ್ಕನ ಅಪ್ಪಣೆಯಂತೆ ದ್ವೀಪದಿಂದ ದ್ವೀಪಕ್ಕೆ ನಡೆದು, ಅಲ್ಲಲ್ಲಿಯ ವಿಚಿತ್ರ ಜೀವಿಗಳನ್ನು ಎದುರಿಸಿ, ಕೊನೆಗೆ ಅಕ್ಕನನ್ನೇ ಎದುರಿಸಿ ನಿಲ್ಲುವ ಕಥೆ ಅದು. ಅದರ ನಾಯಕಿಯ ಹೆಸರು ಹಿಇಯಕ. ಆ ಭಾಷೆಯಲ್ಲಿ ಸ್ವರಗಳ ನಡುವೆ ಕಂಠವನ್ನು ಥಟ್ಟನೆ ಮುಚ್ಚಿ ತೆರೆಯುವ ಒಂದು ವ್ಯಂಜನವುಂಟು. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲವಾದುದರಿಂದ, ಸ್ವರಾಕ್ಷರಗಳನ್ನು ಬಿಡಿಯಾಗಿ ಬರೆದು ಆ ನಿಲುಗಡೆಯನ್ನು ಇಲ್ಲಿ ಸೂಚಿಸಿದ್ದೇವೆ, ಓದುಗರು ಸಹಿಸಿಕೊಳ್ಳಬೇಕು.

ಮೊದಲು ಕಥೆಯನ್ನು ಹೇಳಬೇಕು. ಪಾಠಾಂತರಗಳು ಅನೇಕವಿರುವುದರಿಂದ ಬಹುತೇಕ ಪಾಠಗಳಲ್ಲಿ ಸಮಾನವಾಗಿರುವ ಎಳೆಯನ್ನೇ ಹಿಡಿಯುತ್ತೇವೆ.

ಪೆಲೆ ಎಂಬವಳು ಅಗ್ನಿಪರ್ವತಗಳ ದೇವಿ. ಆಕೆ ಕಹಿಕಿ ಎಂಬ ದೂರದ ಮೂಲನಾಡಿನಿಂದ ಒಡಹುಟ್ಟಿದವರೊಡನೆ ದೋಣಿಯಲ್ಲಿ ಹೊರಟು ಹವಾಯಿ ದ್ವೀಪಸಮೂಹವನ್ನು ಸೇರುತ್ತಾಳೆ. ಎಲ್ಲರಿಗಿಂತ ಕಿರಿಯಳಾದ ತಂಗಿ ಆಗ ಇನ್ನೂ ಮೊಟ್ಟೆಯ ರೂಪದಲ್ಲಿದ್ದಳು. ಪೆಲೆ ಅದನ್ನು ತನ್ನ ಮಡಿಲಿನ ಬಿಸಿಯಲ್ಲಿ ಕಾಪಾಡಿಕೊಂಡು ತಂದಳೆಂದು ಕಥೆ ಹೇಳುತ್ತದೆ. ಆದಕಾರಣವೇ ಹುಡುಗಿಗೆ 'ಪೆಲೆಯ ಎದೆಯಲ್ಲಿದ್ದ ಹಿಇಯಕ' ಎಂಬ ಅರ್ಥದ ಪೂರ್ಣನಾಮವಿದೆ. ಪೆಲೆ ತನ್ನ ಬೆಂಕಿಗೆ ತಕ್ಕ ನೆಲೆಯನ್ನು ಅರಸುತ್ತ ವಾಯವ್ಯದ ದ್ವೀಪಗಳಿಂದ ಆಗ್ನೇಯದತ್ತ ಗುಂಡಿಗಳನ್ನು ತೋಡುತ್ತ ಬರುತ್ತಾಳೆ. ಆಕೆಯ ಅಕ್ಕ, ಸಮುದ್ರದ ದೇವಿಯಾದ ನಮಕಒಕಹಅಇ, ಬೆನ್ನಟ್ಟಿ ಬಂದು ಒಂದೊಂದನ್ನೂ ಕೆಡಿಸುತ್ತಾಳೆ. ಕೊನೆಗೆ ದಕ್ಷಿಣದ ದೊಡ್ಡ ದ್ವೀಪದ ಕಿಲಾವೆಯ ಪರ್ವತದಲ್ಲಿ ಪೆಲೆ ನೆಲೆಯೂರುತ್ತಾಳೆ.

ಒಂದು ದಿನ ಪೆಲೆ ನಿದ್ರಿಸಿದಾಗ ದೂರದಿಂದ ತಮಟೆಯ ಸದ್ದು ಕೇಳಿ, ಆಕೆಯ ಆತ್ಮವು ದೇಹವನ್ನು ಬಿಟ್ಟು ಆ ಸದ್ದಿನ ಬೆನ್ನು ಹತ್ತುತ್ತದೆ. ಅದು ಕೌಆಇ ದ್ವೀಪದ ಹಾಎನ ಎಂಬ ಊರಿಗೆ ಒಯ್ಯುತ್ತದೆ. ಅಲ್ಲಿ ಹುಲ ನರ್ತನ ನಡೆದಿರುತ್ತದೆ. ಲೊಹಿಔ ಎಂಬ ತರುಣ ನಾಯಕನಿಗೂ ಆಕೆಗೂ ಪ್ರೇಮವುಂಟಾಗುತ್ತದೆ. ಕೆಲವು ದಿನಗಳ ನಂತರ ಆಕೆ, ಕರೆಕಳುಹಿಸುವೆನೆಂದು ಮಾತುಕೊಟ್ಟು ಮರಳುತ್ತಾಳೆ. ಆತ ಅಗಲಿಕೆಯನ್ನು ತಾಳಲಾರದೆ ಪ್ರಾಣ ಬಿಡುತ್ತಾನೆ. ಎಚ್ಚೆತ್ತ ಪೆಲೆ, ಆತನನ್ನು ಕರೆತರುವವರು ಯಾರೆಂದು ತಂಗಿಯರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾಳೆ. ದಾರಿಯ ಭಯವನ್ನೂ ಅಕ್ಕನ ಕೋಪವನ್ನೂ ಬಲ್ಲ ಹಿರಿಯ ತಂಗಿಯರೆಲ್ಲರೂ ಒಲ್ಲೆವೆನ್ನುತ್ತಾರೆ. ಒಪ್ಪಿದವಳು ಕಿರಿಯವಳೊಬ್ಬಳೇ. ಅವಧಿ ನಲವತ್ತು ದಿನ. ಆತನನ್ನು ಮುಟ್ಟಬಾರದೆಂಬುದು ಅಕ್ಕನ ನಿಬಂಧನೆ. ತನ್ನ ಗೆಳತಿ ಹೋಪೊಯೆಯನ್ನೂ ತನ್ನ ಲೆಹುಅ ಮರಗಳ ತೋಪನ್ನೂ ತಾನು ಬರುವವರೆಗೆ ಸುಡಬಾರದೆಂಬುದು ತಂಗಿಯ ನಿಬಂಧನೆ. ಈ ಹೋಪೊಯೆ ಹಿಇಯಕಳಿಗೆ ಹುಲ ನೃತ್ಯವನ್ನು ಕಲಿಸಿದವಳು.

ಕಿಲಾವೆಯದಿಂದ ಹಾಎನದವರೆಗೆ ನೇರವಾಗಿ ಅಳೆದರೂ ಐನೂರು ಕಿಲೋಮೀಟರುಗಳಿಗೆ ಮಿಕ್ಕ ದೂರ. ನಡುವೆ ಮೌಯಿ, ಮೊಲೊಕಇ, ಒಅಹು ದ್ವೀಪಗಳು, ಅವುಗಳ ಮಧ್ಯೆ ಬಿರುಸಾದ ಕಡಲು. ಹುಡುಗಿಯ ಜೊತೆಗಾತಿಯರು ಇಬ್ಬರು. ಒಬ್ಬಳು ಜರೀಗಿಡದ ಲಂಗವನ್ನು ಹೆಸರಿನಲ್ಲೇ ಹೊತ್ತ ಪಾಊಪಲಆ. ಮತ್ತೊಬ್ಬಳು ವಹಿನೆಓಮಒ, ಪೆಲೆಗೆ ಕಾಣಿಕೆಯಾಗಿ ಹಂದಿಮರಿಯನ್ನು ಎತ್ತಿಕೊಂಡು ಹೋಗುತ್ತಿದ್ದಾಗ ದಾರಿಯಲ್ಲಿ ಸಿಕ್ಕವಳು. ಹಿಇಯಕಳ ಆಯುಧವೆಂದರೆ ಆಕೆ ಉಟ್ಟ ಲಂಗ, ಅದರಲ್ಲಿ ಸಿಡಿಲಿನ ಶಕ್ತಿಯಿದೆ. ಮತ್ತು ಆಕೆಯ ಹಾಡು. ಈ ಎರಡನೆಯದೇ ಮುಖ್ಯ. ಕಥೆಯುದ್ದಕ್ಕೂ ಆಕೆ ಬೆಟ್ಟಕ್ಕೆ, ಮಳೆಗೆ, ಗಾಳಿಗೆ, ಮುಚ್ಚಿದ ಬಾಗಿಲಿಗೆ ಹಾಡಿನಿಂದಲೇ ಮಾತನಾಡುತ್ತಾಳೆ. ಊರೂರಿನ ಮಳೆಗೂ ಗಾಳಿಗೂ ಬೇರೆ ಬೇರೆ ಹೆಸರುಗಳಿರುವ ನಾಡು ಅದು. ಆ ಹೆಸರುಗಳು ಈ ಹಾಡುಗಳಲ್ಲಿ ಉಳಿದಿರುವುದರಿಂದ ಕಥೆಯು ಒಂದು ಭೂಗೋಳಪುಸ್ತಕವೂ ಆಗಿದೆ.

ಹಿಲೊ ಪಟ್ಟಣದ ಬಳಿಯ ಕಾಡಿನಲ್ಲಿ ಪನಎವ ಎಂಬವನು ಮೊದಲ ಎದುರಾಳಿ. ಆತ ಮಂಜಾಗಿ, ಚಳಿಮಳೆಯಾಗಿ, ಮರಗಳಾಗಿ ಮುತ್ತಿಗೆ ಹಾಕುತ್ತಾನೆ. ಆ ಕಾಳಗದಲ್ಲಿ ಹುಡುಗಿ ಗೆಲ್ಲುವುದು ಮನೆಯವರ ನೆರವಿನಿಂದ. ಪೆಲೆಯ ಪರಿವಾರದ ಬಿರುಗಾಳಿ ಮಿಂಚುಗಳು ಬಂದು ಕಾಡನ್ನು ಗುಡಿಸಿಹಾಕುತ್ತವೆ. ಅನಂತರ ವೈಲುಕು ನದಿ. ಅದನ್ನು ದಾಟುವ ಹಲಗೆಯ ಸೇತುವೆಯನ್ನು ಹಿಡಿದುಕೊಂಡು ಹಾದಿಹೋಕರಿಂದ ಸುಂಕ ಕೀಳುವ ಇಬ್ಬರು ಅಲ್ಲಿದ್ದಾರೆ. ಜನರು ಅವರನ್ನು ದೇವತೆಗಳೆಂದೇ ನಂಬಿ ಕೇಳಿದ್ದನ್ನು ತೆತ್ತು ಹೋಗುತ್ತಿದ್ದರು. ಹಿಇಯಕ ಸುಂಕ ಕೊಡುವುದಿಲ್ಲ. ಇವರು ದೇವತೆಗಳಲ್ಲ, ಬರಿಯ ಮೊಒಗಳು ಎಂದು ನೆರೆದವರೆದುರಿಗೆ ಹೇಳುತ್ತಾಳೆ; ಜನರು ನಂಬುವುದಿಲ್ಲ; ಆಕೆ ಅದನ್ನು ಮಾಡಿ ತೋರಿಸುತ್ತಾಳೆ. ಇಲ್ಲಿಗೆ ಬರುವಾಗ ಹುಡುಗಿ ಮೊದಲಿನವಳಲ್ಲ. ಪನಎವನನ್ನು ಆಕೆ ಎದುರಿಸಿದ್ದು ದಾರಿಗೆ ಅಡ್ಡ ಬಂದನೆಂದು. ಇಲ್ಲಿ ಆಕೆ ಇತರರಿಗಾಗಿ ನ್ಯಾಯ ತೀರ್ಮಾನಿಸುತ್ತಿದ್ದಾಳೆ.

ಮೌಯಿ ದ್ವೀಪದಲ್ಲಿ ನಡೆಯುವುದು ಕಾಳಗವಲ್ಲ. ಕಡಲತಡಿಯಲ್ಲಿ ಕೈಗಳಿಲ್ಲದ ಒಬ್ಬ ಹುಡುಗಿಯ ಪ್ರೇತವು ಹಾಡುತ್ತ ಕುಣಿಯುತ್ತ ಇರುತ್ತದೆ. ಅದನ್ನು ಕಂಡು ಹಿಇಯಕ ಕರುಣೆಗೊಂಡು ಆತ್ಮವನ್ನು ಹಿಡಿಸಿ ಮರಳಿ ದೇಹಕ್ಕೆ ಸೇರಿಸುತ್ತಾಳೆ. ಕೌಆಇಯಲ್ಲಿ ತಾನು ಮಾಡಬೇಕಾಗಿರುವ ದೊಡ್ಡ ಕಾರ್ಯಕ್ಕೆ ಇದು ಪೂರ್ವಾಭ್ಯಾಸವೆಂದು ಆಕೆಗೆ ಆಗ ಪೂರ್ಣವಾಗಿ ತಿಳಿದಂತೆ ತೋರುವುದಿಲ್ಲ. ಮೊಲೊಕಇಯ ಪ್ರಸಂಗವನ್ನು ಬಿಟ್ಟು ಮುಂದೆ ಹೋಗುತ್ತೇವೆ. ಒಅಹು ದ್ವೀಪದ ಕುಅಲೊಅ ಎಂಬಲ್ಲಿ ಆಕೆ ಕೊಂದ ಮೊಒವಿನ ಒಡಲು ಬೆಟ್ಟದ ಬುಡದ ಬಯಲಾಯಿತೆಂದೂ, ಬಾಲವು ಕಡಲಿನಲ್ಲಿ ನಿಂತ ಚಿಕ್ಕ ನಡುಗಡ್ಡೆಯಾಯಿತೆಂದೂ ಹೇಳುತ್ತಾರೆ. ಆ ನಡುಗಡ್ಡೆಯ ಹೆಸರು ಇಂದಿಗೂ ಮೊಕೊಲಿಇ, ಅಂದರೆ ಚಿಕ್ಕ ಮೊಒ. ದಡದಲ್ಲಿ ನಿಂತವರಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ.

ಹಾಎನದಲ್ಲಿ ಲೊಹಿಔನ ಶವವನ್ನು ಕಡಿದಾದ ಬಂಡೆಯ ಮೇಲಣ ಗವಿಯಲ್ಲಿ ಮೊಒ ಸ್ತ್ರೀಯರಿಬ್ಬರು ಬಚ್ಚಿಟ್ಟಿದ್ದಾರೆ. ಹಿಇಯಕ ಅವರನ್ನು ಗೆದ್ದು, ಮೇಲೇರಿ, ಅಲೆಯುತ್ತಿದ್ದ ಆತ್ಮವನ್ನು ಹಿಡಿದು, ಪಾದದ ಮೂಲಕ ಒಳಹೊಗಿಸಿ, ದಿನಗಟ್ಟಲೆ ಮಂತ್ರ ಹಾಡಿ ಆತನನ್ನು ಬದುಕಿಸುತ್ತಾಳೆ. ಆದರೆ ನಲವತ್ತು ದಿನಗಳು ಕಳೆದಿವೆ. ಅಕ್ಕ ಸಂಶಯಗೊಂಡಿದ್ದಾಳೆ. ಮರಳುವ ದಾರಿಯಲ್ಲಿ ಒಅಹುವಿನ ಪೋಹಾಕೆಅ ಎಂಬ ಎತ್ತರದಲ್ಲಿ ನಿಂತು ಹಿಇಯಕ ದೂರದ ಹೊಗೆಯನ್ನು ಕಾಣುತ್ತಾಳೆ: ತೋಪು ಉರಿಯುತ್ತಿದೆ, ಹೋಪೊಯೆ ಸುಟ್ಟು ಕಲ್ಲಾಗಿದ್ದಾಳೆ.

ಆಗಲೂ ಹುಡುಗಿ ತನ್ನ ಮಾತನ್ನು ಮುರಿಯುವುದಿಲ್ಲ. ಇದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸದೆ ಹೋಗುತ್ತಾರೆ. ಆಕೆ ಲೊಹಿಔನನ್ನು ಕಿಲಾವೆಯದ ಅಂಚಿನವರೆಗೆ ಕರೆತಂದು, ಒಪ್ಪಿಕೊಂಡ ಕೆಲಸವನ್ನು ಪೂರೈಸುತ್ತಾಳೆ. ಅನಂತರ ಅಕ್ಕನಿಗೆ ಕಾಣುವಂತೆ ಆತನನ್ನು ಅಪ್ಪಿಕೊಳ್ಳುತ್ತಾಳೆ. ಪೆಲೆಯ ಬೆಂಕಿ ಆತನನ್ನು ಎರಡನೆಯ ಬಾರಿ ಕೊಲ್ಲುತ್ತದೆ. ತಂಗಿ ಅಗ್ನಿಕುಂಡದ ನೆಲವನ್ನು ಪದರಪದರವಾಗಿ ಅಗೆಯುತ್ತ ಇಳಿಯುತ್ತಾಳೆ. ಕೊನೆಯ ಪದರವನ್ನು ಭೇದಿಸಿದರೆ ಕೆಳಗಣ ನೀರು ನುಗ್ಗಿ ಪೆಲೆಯ ಬೆಂಕಿಯೆಲ್ಲ ಆರಿಹೋಗುವುದು. ಬಂಡೆಗಳು ಹಾರಿ ಬೀಳುತ್ತವೆ. ಆ ಹಂತದಲ್ಲಿ ಆಕೆಯನ್ನು ತಡೆಯುತ್ತಾರೆ. ತಡೆದವರು ಯಾರೆಂಬುದರಲ್ಲಿ ಪಾಠಭೇದವಿದೆ. ಲೊಹಿಔ ಮತ್ತೆ ಬದುಕಿ ಹಿಇಯಕಳನ್ನು ಸೇರುವನೆಂದು ಹಲವು ಪಾಠಗಳು ಮುಗಿಯುತ್ತವೆ.

ಈ ಜೀವಿಗಳ ವಿಚಾರವಾಗಿ ಒಂದು ಮಾತು ಹೇಳದಿದ್ದರೆ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ. ನಾವೇ ಮೊದಮೊದಲು ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಮೊಒ ಎಂಬುದಕ್ಕೆ 'ರಾಕ್ಷಸ' ಎಂಬ ಮಾತನ್ನು ಬಳಸಿದ್ದೆವು. ಅದು ಸುಲಭವಾದ ಮಾತು, ಆದರೆ ಸರಿಯಾದುದಲ್ಲ. ಮೊಒ ಎಂದರೆ ಸಾಮಾನ್ಯವಾಗಿ ಹಲ್ಲಿ. ಐತಿಹ್ಯದ ಮೊಒ ಮಾತ್ರ ದೈತ್ಯಾಕಾರದ್ದು. ಕೆರೆ, ಮಡು, ಮೀನುಹೊಂಡಗಳಲ್ಲಿ ವಾಸಿಸುತ್ತದೆ, ಬೇಕೆಂದಾಗ ಸುಂದರಿಯಾದ ಹೆಂಗಸಿನ ರೂಪ ತಾಳುತ್ತದೆ. ಮೌಯಿಯ ಲಹೈನಾ ಪಟ್ಟಣದ ಮೊಕುಹಿನಿಅ ಎಂಬ ಕೊಳದಲ್ಲಿ ಕಿಹವಹಿನೆ ಎಂಬ ಮೊಒ ದೇವಿಯಿದ್ದಳು. ಆಕೆ ಮರಣಾನಂತರ ದೇವತ್ವ ಪಡೆದ ರಾಜಮನೆತನದ ಸ್ತ್ರೀಯೆಂದು ಪ್ರತೀತಿ. ದ್ವೀಪಗಳನ್ನು ಒಂದುಗೂಡಿಸಿದ ಕಮೆಹಮೆಹ ಅರಸನೇ ಆಕೆಯನ್ನು ಪೂಜಿಸುತ್ತಿದ್ದನು. ಅಂದಮೇಲೆ ಮೊಒ ನೀರಿನ ಕಾವಲುದೈವ. ಒಲಿದರೆ ಮೀನೂ ನೀರೂ ಸಮೃದ್ಧಿ, ಮುನಿದರೆ ನಾಶ. ಮೇರಿ ಅಲೋಹಲಾನಿ ಬ್ರೌನ್ ಎಂಬ ವಿದುಷಿ 2022ರಲ್ಲಿ ಈ ದೈವಗಳನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿ ಈ ವಿಷಯವನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ವಿನೋದವೆಂದರೆ, ಹವಾಯಿಯಲ್ಲಿ ಮೂಲತಃ ನೆಲದ ಮೇಲಿನ ಸರೀಸೃಪಗಳೇ ಇರಲಿಲ್ಲ. ಚಿಕ್ಕ ಹಲ್ಲಿಗಳೂ ಅರಣೆಗಳೂ ಮನುಷ್ಯರ ದೋಣಿಗಳಲ್ಲಿ ಬಂದು ಸೇರಿದವು. ಕಣ್ಣಿಗೆ ಬೀಳುತ್ತಿದ್ದುದು ಬೆರಳುದ್ದದ ಹಲ್ಲಿ, ಕಥೆಯಲ್ಲಿ ಬೆಳೆದು ನಿಂತುದು ಬೆಟ್ಟದಷ್ಟು ದೊಡ್ಡ ದೈವ.

ಹಾಗಾದರೆ ಹಿಇಯಕ ಇವನ್ನು ಕೊಲ್ಲುತ್ತ ಹೋಗುವುದೇಕೆ? ಪೆಲೆಯ ಮನೆತನವು ಹೊರಗಿನಿಂದ ಬಂದುದು, ಮೊಒಗಳು ಮೊದಲಿನಿಂದ ಇದ್ದವರು; ಆದ್ದರಿಂದ ಇದು ವಲಸೆಗಾರರು ಮೂಲನಿವಾಸಿಗಳನ್ನು ಗೆದ್ದ ನೆನಪು ಎಂದು ಹೇಳಲು ಮನಸ್ಸಾಗುತ್ತದೆ. ನಮಗೆ ಈ ವ್ಯಾಖ್ಯಾನದಲ್ಲಿ ನಂಬಿಕೆಯಿಲ್ಲ. ಅದಕ್ಕೆ ಕಥೆಯಲ್ಲದೆ ಬೇರೆ ಆಧಾರ ಬೇಕಾಗುತ್ತದೆ. ಆದರೆ ನಕ್ಷೆಯನ್ನು ಮುಂದಿಟ್ಟುಕೊಂಡು ಓದಿದರೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ದೊಡ್ಡ ದ್ವೀಪದಲ್ಲಿ ಹುಡುಗಿ ಹಿಡಿಯುವ ದಾರಿ ಹಿಲೊ, ಹಾಮಾಕುಅ, ವೈಪಿಒ ಕಣಿವೆಗಳ ಮೂಲಕ ಸಾಗುವ ಈಶಾನ್ಯದ ಮಳೆಸೀಮೆಯ ದಾರಿ. ಲಾವಾ ಕಲ್ಲಿನ ಒಣನೆಲದವಳು ಹೊಳೆ ಕಾಡು ಮಂಜುಗಳ ನಾಡನ್ನು ಹೊಗುತ್ತಾಳೆ. ಅಲ್ಲಿ ಇದಿರಾಗುವವರು ನೀರಿನ ಒಡೆಯರೇ ಆಗಿರುತ್ತಾರೆ. ಕಥೆ ಹೇಳಿದವರಿಗೆ ತಮ್ಮ ನೆಲದ ಸ್ವಭಾವ ಚೆನ್ನಾಗಿ ತಿಳಿದಿತ್ತು.

ಇಲ್ಲಿಂದ ನಾವು ಇತಿಹಾಸದ ಪ್ರಶ್ನೆಗೆ ಬರುತ್ತೇವೆ. ಹವಾಯಿ ಭಾಷೆಯಲ್ಲಿ ಕಥೆಗೂ ಇತಿಹಾಸಕ್ಕೂ ಮೊಒಲೆಲೊ ಎಂಬ ಒಂದೇ ಶಬ್ದವಿದೆ. ಮೊಒ ಎಂಬುದಕ್ಕೆ ಹಲ್ಲಿಯಲ್ಲದೆ ಸಾಲು, ಪರಂಪರೆ ಎಂಬ ಅರ್ಥವೂ ಉಂಟು. ಓಲೆಲೊ ಎಂದರೆ ಮಾತು. ಮಾತಿನ ಸಾಲೇ ಮೊಒಲೆಲೊ. ಹೀಗೆ ನಡೆಯಿತಂತೆ ಎಂಬ ಅರ್ಥದ 'ಇತಿಹಾಸ' ಶಬ್ದವನ್ನೇ ಮಹಾಭಾರತಕ್ಕೂ ಬಳಸಿದ ಪರಂಪರೆಯ ನಮಗೆ ಇದು ವಿಚಿತ್ರವಾಗಿ ತೋರಬಾರದು.

ಪೆಲೆ ವಾಯವ್ಯದಿಂದ ಆಗ್ನೇಯಕ್ಕೆ ಗುಂಡಿ ತೋಡುತ್ತ ಬಂದಳೆಂಬುದನ್ನು ಮೊದಲು ತೆಗೆದುಕೊಳ್ಳಬಹುದು. ಭೂವಿಜ್ಞಾನದ ಪ್ರಕಾರ ಈ ದ್ವೀಪಗಳು ಭೂಗರ್ಭದ ಒಂದು ಬಿಸಿತಾಣದ ಮೇಲೆ ಶಾಂತಸಾಗರದ ಶಿಲಾಫಲಕವು ವಾಯವ್ಯಕ್ಕೆ ಸರಿಯುತ್ತಿರುವುದರಿಂದ ಒಂದಾದ ಮೇಲೊಂದು ಹುಟ್ಟಿದವು. ಕೌಆಇಗೆ ಸುಮಾರು 50 ಲಕ್ಷ ವರ್ಷಗಳ ವಯಸ್ಸು. ದೊಡ್ಡ ದ್ವೀಪದ್ದು 10 ಲಕ್ಷಕ್ಕೂ ಕಡಿಮೆ. ಪೆಲೆಯ ಮಾರ್ಗವೂ ದ್ವೀಪಗಳ ವಯಸ್ಸಿನ ಕ್ರಮವೂ ಒಂದೇ. ಇದನ್ನು ಕೇಳಿದೊಡನೆ ಪ್ರಾಚೀನರಿಗೆ ಭೂವಿಜ್ಞಾನವೆಲ್ಲ ತಿಳಿದಿತ್ತೆಂದು ಹೊಗಳಲು ಹೊರಡುವವರಿದ್ದಾರೆ. ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ. ಕೌಆಇಯ ಬೆಟ್ಟಗಳು ಸವೆದು ಕೊರಕಲಾಗಿ ಮಣ್ಣು ಕೆಂಪಾಗಿರುವುದನ್ನೂ, ಕಿಲಾವೆಯದ ನೆಲ ಕರ್ರಗೆ ಹಸಿಯಾಗಿರುವುದನ್ನೂ ಕಣ್ಣಿಟ್ಟು ನೋಡಿದ ಬೇಸಾಯಗಾರನು ಯಾವುದು ಹಳೆಯದು ಯಾವುದು ಹೊಸದು ಎಂಬುದನ್ನು ಊಹಿಸಬಲ್ಲನು.

ಇದಕ್ಕಿಂತ ಗಟ್ಟಿಯಾದುದು ಮತ್ತೊಂದು ಸಂಗತಿ. ಅಮೆರಿಕದ ಭೂಸಮೀಕ್ಷಾ ಇಲಾಖೆಯ ಡೊನಾಲ್ಡ್ ಸ್ವಾನ್ಸನ್ ಎಂಬ ಅಗ್ನಿಪರ್ವತ ವಿಜ್ಞಾನಿ 2008ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಕಿಲಾವೆಯದ ಸುಮಾರು 400 ವರ್ಷಗಳ ಚಟುವಟಿಕೆ ಈ ಐತಿಹ್ಯದಲ್ಲಿ ಅಡಗಿದೆಯೆಂದು ವಾದಿಸಿದರು. ಪರ್ವತದ ನೆತ್ತಿಯ ದೊಡ್ಡ ಕುಳಿಯು 1790ರ ಸುಮಾರಿಗೆ ಉಂಟಾಯಿತೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಇದ್ದಿಲಿನ ಇಂಗಾಲದ ಪರೀಕ್ಷೆಗಳಿಂದ ಅದು 1500ರ ಸುಮಾರಿಗೆ ಆದುದೆಂದು ಈಗ ತಿಳಿದಿದೆ. ಅದಕ್ಕೆ ತುಸು ಮೊದಲು, ಸುಮಾರು 1410ರಿಂದ 1470ರವರೆಗೆ, ಐಲಾಔ ಪ್ರವಾಹವೆಂದು ಹೆಸರಾದ ಲಾವಾ ಅರುವತ್ತು ವರ್ಷಗಳ ಕಾಲ ಹರಿದು, ಪುನ ಸೀಮೆಯ ಸುಮಾರು 430 ಚದರ ಕಿಲೋಮೀಟರುಗಳಷ್ಟು ನೆಲವನ್ನು, ಅಂದರೆ ಅಲ್ಲಿಯ ಕಾಡುಗಳನ್ನು, ಮುಚ್ಚಿತು. ಸ್ವಾನ್ಸನ್ ಅವರ ವಾದವೆಂದರೆ, ಪೆಲೆ ತಂಗಿಯ ಲೆಹುಅ ತೋಪನ್ನು ಸುಟ್ಟುದು ಈ ಪ್ರವಾಹ; ತಂಗಿ ಕುಂಡದ ತಳವನ್ನು ಅಗೆದು ಬಂಡೆಗಳನ್ನು ಹಾರಿಸಿದುದು ಆ ಬಳಿಕ ನೆತ್ತಿ ಕುಸಿದು ಕುಳಿಯಾದ ಘಟನೆ.

ಇದರಲ್ಲಿ ನಮ್ಮನ್ನು ಒಪ್ಪಿಸುವುದು ಬಿಡಿ ಹೋಲಿಕೆಗಳಲ್ಲ, ಅನುಕ್ರಮ. ಮೊದಲು ಕಾಡು ಸುಡಬೇಕು, ಆಮೇಲೆ ನೆಲ ಕುಸಿಯಬೇಕು. ಕಥೆಯಲ್ಲಿ ಈ ಕ್ರಮವನ್ನು ತಿರುಗಿಸಲು ಬರುವುದಿಲ್ಲ; ಸುಟ್ಟುದಕ್ಕೆ ಸೇಡಾಗಿಯೇ ಅಗೆತ. ಘಟನೆಗಳ ಕ್ರಮವು ಅಕ್ಕತಂಗಿಯರ ಜಗಳದ ತರ್ಕದಲ್ಲಿ ಸೇರಿಹೋಗಿರುವುದರಿಂದ ನೂರಾರು ವರ್ಷ ಬಾಯಿಂದ ಬಾಯಿಗೆ ಬಂದರೂ ಕದಲಲಿಲ್ಲ. ಕಾಲಮಾನ ಮಾತ್ರ ಉಳಿಯಲಿಲ್ಲ. ಅರುವತ್ತು ವರ್ಷಗಳ ಉರಿ ಕಥೆಯಲ್ಲಿ ನಲವತ್ತು ಚಿಲ್ಲರೆ ದಿನಗಳಿಗೆ ಇಳಿದಿದೆ. ಐತಿಹ್ಯದಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ದೊರೆತಿಲ್ಲ. ಕ್ರಮವನ್ನು ಕೇಳಬಹುದು, ಅವಧಿಯನ್ನು ಕೇಳಬಾರದು. ಈ ಸಂಗತಿ ಒಂದೂವರೆ ಶತಮಾನದಿಂದ ಅಚ್ಚಿನಲ್ಲಿದ್ದರೂ ವಿಜ್ಞಾನಿಗಳು 1790ನ್ನೇ ಹಿಡಿದುಕೊಂಡಿದ್ದರೆಂಬುದು, ಮೇಲೆ ಹೇಳಿದ ಎರಡು ಪಂಗಡಗಳಲ್ಲಿ ಮೊದಲನೆಯದು ಯೋಚಿಸಬೇಕಾದ ವಿಷಯ.

ಅಚ್ಚಿನಲ್ಲಿದ್ದ ಬಗೆಯನ್ನೂ ಹೇಳಬೇಕು. ನಮ್ಮ ದೃಷ್ಟಿಯಲ್ಲಿ ಈ ಕಥೆಯ ಇತಿಹಾಸದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವಿದು. 1819ರಲ್ಲಿ ಹವಾಯಿಯ ಅರಸರು ತಮ್ಮ ಹಳೆಯ ಮಡಿಮೈಲಿಗೆಯ ಕಟ್ಟಳೆಗಳನ್ನು ತಾವೇ ಮುರಿದರು. ಮರುವರ್ಷ ಅಮೆರಿಕದ ಕ್ರೈಸ್ತ ಪಾದ್ರಿಗಳು ಬಂದಿಳಿದರು. 1824ರಲ್ಲಿ ಕಪಿಒಲಾನಿ ಎಂಬ ನಾಯಕಿ ಕಿಲಾವೆಯದ ಕುಳಿಗಿಳಿದು, ಪೆಲೆಗೆ ಅರ್ಪಿಸದೆ ಅಲ್ಲಿಯ ಹಣ್ಣುಗಳನ್ನು ತಿಂದು, ತನಗೇನೂ ಆಗದಿರುವುದನ್ನು ಜನರಿಗೆ ತೋರಿಸಿದಳು. 1830ರಲ್ಲಿ ರಾಣಿ ಕಅಹುಮನು ಬಹಿರಂಗವಾಗಿ ಹುಲ ನರ್ತಿಸುವುದನ್ನು ನಿಷೇಧಿಸಿದಳು. 1848ರಲ್ಲಿ ಭೂಮಿಯ ಹಂಚಿಕೆಯಾಗಿ ಖಾಸಗಿ ಒಡೆತನ ಬಂದಿತು. 1853ರ ಸಿಡುಬು ಸಾವಿರಾರು ಜನರನ್ನು ಒಯ್ದಿತು. ಇದೇ ಅವಧಿಯಲ್ಲಿ ಪಾದ್ರಿಗಳು ಕಲಿಸಿದ ಅಕ್ಷರ ಊರೂರಿಗೂ ಹಬ್ಬಿ, 1834ರಲ್ಲಿ ಹವಾಯಿ ಭಾಷೆಯ ಮೊದಲ ಪತ್ರಿಕೆ ಲಹೈನಾದ ಬಳಿಯ ಶಾಲೆಯೊಂದರಿಂದ ಹೊರಟಿತು. ಆದರೆ ಪತ್ರಿಕೆಗಳೆಲ್ಲ ಪಾದ್ರಿಗಳ ಅಥವಾ ಸರ್ಕಾರದ ಕೈಯಲ್ಲಿದ್ದವು.

1861ರಲ್ಲಿ ಹವಾಯಿಯವರೇ ನಡೆಸುವ ಸ್ವತಂತ್ರ ಪತ್ರಿಕೆ ಹುಟ್ಟಿತು. ಅದರ ಹೆಸರು 'ಕ ಹೊಕು ಒ ಕ ಪಕಿಪಿಕ', ಎಂದರೆ ಶಾಂತಸಾಗರದ ನಕ್ಷತ್ರ. ಮುಂದೆ ಅರಸನಾದ ಕಲಾಕೌವನು ಅದರ ಸಂಪಾದಕವರ್ಗದಲ್ಲಿದ್ದನು. ಆ ವರ್ಷದ ಡಿಸೆಂಬರಿನಿಂದ ಮರುವರ್ಷದ ಜುಲೈವರೆಗೆ ಒಅಹುವಿನ ಕೈಲುಅ ಊರಿನ ಕಪಿಹೆನುಯಿ ಎಂಬವನು ಹಿಇಯಕಳ ಕಥೆಯನ್ನು ಧಾರಾವಾಹಿಯಾಗಿ ಅದರಲ್ಲಿ ಬರೆದನು. ಬಹಿರಂಗವಾಗಿ ಕುಣಿಯಬಾರದೆಂದಿದ್ದ ಹುಲದ ಹಾಡುಗಳು, ಸುಳ್ಳೆಂದು ಸಾರಲಾಗಿದ್ದ ದೇವಿ, ಸತ್ತವನನ್ನು ಬದುಕಿಸಬಲ್ಲ ಹುಡುಗಿ, ಇವೆಲ್ಲ ಪಾದ್ರಿಗಳು ಕಲಿಸಿದ ಅಕ್ಷರದಲ್ಲೇ ಅಚ್ಚಾಗಿ ಮನೆಮನೆಗೆ ಹೋದವು. ವ್ಯಾಧಿಗಳಿಂದ ಜನಾಂಗವೇ ಕರಗುತ್ತಿದ್ದ ಆ ದಿನಗಳಲ್ಲಿ, ಅಲೆಯುವ ಆತ್ಮವನ್ನು ಹಿಡಿದು ದೇಹಕ್ಕೆ ಮರಳಿಸುವ ಅಧ್ಯಾಯಗಳನ್ನು ಓದುಗರು ಹೇಗೆ ಓದಿರಬೇಕೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಕಲಾಕೌವನು 1883ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಹುಲವನ್ನು ಬಹಿರಂಗವಾಗಿ ಆಡಿಸಿದನು. 1890ರ ಜನಗಣತಿಯಲ್ಲಿ, ಮಿಶ್ರರಕ್ತದವರನ್ನು ಸೇರಿಸಿದರೂ, ಹವಾಯಿಯರು ಸುಮಾರು 40,000 ಮಾತ್ರ ಉಳಿದಿದ್ದರು. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಸಿಂಹಾಸನದಿಂದಿಳಿಸಲಾಯಿತು. 1896ರ ಶಾಸನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನ ಮಾಧ್ಯಮವನ್ನಾಗಿ ಮಾಡಿತು. 1898ರಲ್ಲಿ ಅಮೆರಿಕವು ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಇಷ್ಟೆಲ್ಲ ಆದ ಮೇಲೆ, 1905–1906ರಲ್ಲಿ, ಹೊಒಉಲುಮಾಹಿಯೆಹಿಯೆ ಎಂಬ ಅಂಕಿತನಾಮದಿಂದ ಇದೇ ಕಥೆಯ ಇನ್ನೂ ವಿಸ್ತಾರವಾದ ಪಾಠವೊಂದು ಹವಾಯಿ ಭಾಷೆಯ ಪತ್ರಿಕೆಯಲ್ಲಿ ಹೊರಬಂದಿತು. ರಾಜ್ಯ ಹೋದ, ಶಾಲೆಯಲ್ಲಿ ಭಾಷೆ ಹೋದ ಜನರು ಓದುತ್ತಿದ್ದುದು, ಕೊಟ್ಟ ಮಾತನ್ನು ತಾನು ಪೂರೈಸಿ, ಮಾತಿಗೆ ತಪ್ಪಿದ ಬಲಿಷ್ಠಳನ್ನು ಎದುರಿಸಿದ ಕಿರಿಯಳ ಕಥೆ. ಇದನ್ನು ರಾಜಕೀಯ ರೂಪಕವೆಂದು ಖಚಿತವಾಗಿ ಹೇಳುವುದು ನಮ್ಮ ಉದ್ದೇಶವಲ್ಲ; ಆದರೆ ಯಾವ ವರ್ಷ, ಯಾವ ಪತ್ರಿಕೆ, ಯಾರ ಓದು ಎಂಬುದನ್ನು ಬಿಟ್ಟು ಕಥೆಯನ್ನಷ್ಟೇ ತೆಗೆದುಕೊಂಡರೆ ನಾವು ಅರ್ಧ ದಾಖಲೆಯನ್ನು ಕಳೆದುಕೊಂಡಂತೆ.

ಬಹುಕಾಲ ನಡೆದುದು ಇದೇ. ಪಾದ್ರಿಯೊಬ್ಬರ ಮಗನೂ ವೈದ್ಯನೂ ಆದ ನಥಾನಿಯಲ್ ಎಮರ್ಸನ್ 1915ರಲ್ಲಿ ಈ ಕಥೆಯನ್ನು ಇಂಗ್ಲಿಷಿನಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಗ್ರಂಥವು ಶ್ರಮದಿಂದ ಕೂಡಿದುದು; ಹಾಡುಗಳ ಮೂಲವನ್ನೂ ಅದು ಕೊಡುತ್ತದೆ. ಆದರೆ ಹಲವು ಪಾಠಗಳನ್ನು ಹೆಣೆದು ಒಂದು ಮಾಡಿದುದರಿಂದ ಯಾವುದು ಯಾರ ಮಾತೆಂಬುದು ಮರೆಯಾಯಿತು. ಕಪಿಹೆನುಯಿಯ ಪಾಠಕ್ಕೆ ಎಮರ್ಸನ್ ಎಷ್ಟರಮಟ್ಟಿಗೆ ಋಣಿಯೆಂಬುದನ್ನು ಇತ್ತೀಚಿನ ವಿದ್ವಾಂಸರು ತೋರಿಸಿದ್ದಾರೆ. ಕುಉಅಲೋಹ ಹೊಒಮನವನುಯಿ ಅವರ 2014ರ ಗ್ರಂಥವು ಈ ಕಥೆಯ ಪತ್ರಿಕಾ ಪಾಠಗಳನ್ನು ಒಟ್ಟಾಗಿ ವಿವೇಚಿಸುತ್ತದೆ. ಇಂಗ್ಲಿಷ್ ಬಲ್ಲವರಿಗೆಲ್ಲ ಎಮರ್ಸನನೇ ಮೂಲವಾಗಿ, ಮೂಲವು ಹಳೆಯ ಪತ್ರಿಕೆಗಳ ರಾಶಿಯಲ್ಲಿ ಉಳಿಯಿತು. ಆ ರಾಶಿಯಾದರೋ ಚಿಕ್ಕದಲ್ಲ: 1834ರಿಂದ 1948ರವರೆಗೆ ಹವಾಯಿ ಭಾಷೆಯಲ್ಲಿ ಪ್ರಕಟವಾದ ಪತ್ರಿಕೆಗಳ ಪುಟಗಳು ಒಂದು ಲಕ್ಷಕ್ಕೂ ಮಿಕ್ಕಿವೆ. ಹೊಒಉಲುಮಾಹಿಯೆಹಿಯೆಯ ಪಾಠವು ಪುವಕೆಅ ನೊಗೆಲ್ಮೈಯರ್ ಅವರ ಅನುವಾದದೊಡನೆ ಗ್ರಂಥರೂಪ ಪಡೆದುದು 2006ರಲ್ಲಿ, ಪತ್ರಿಕೆಯಲ್ಲಿ ಬಂದ ನೂರು ವರ್ಷಗಳ ಮೇಲೆ. ನಡುವೆ 1978ರಲ್ಲಿ ಹವಾಯಿ ಭಾಷೆಗೆ ಆಡಳಿತ ಭಾಷೆಯ ಸ್ಥಾನ ದೊರೆತು, 1984ರಲ್ಲಿ ಆ ಭಾಷೆಯಲ್ಲೇ ನಡೆಯುವ ಶಿಶುಶಾಲೆ ಕೌಆಇಯಲ್ಲಿ ಆರಂಭವಾಗದಿದ್ದರೆ ಈ ಮೂಲವನ್ನು ಓದುವವರೇ ಇರುತ್ತಿರಲಿಲ್ಲ.

ಇಂಗ್ಲಿಷ್ ಸಾರಾಂಶಗಳ ಮೂಲಕವೇ ಅನ್ಯದೇಶಗಳ ಐತಿಹ್ಯಗಳನ್ನು ತರಗತಿಗೆ ತರುವ ನಮ್ಮಂಥವರು ಇದನ್ನು ಗಮನದಲ್ಲಿಡಬೇಕು. ಮಕ್ಕಳಿಗೆಂದು ಸಂಗ್ರಹಿಸಿದ ಪುಸ್ತಕಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಬ್ಬರು ಅಕ್ಕತಂಗಿಯರು ಒಬ್ಬ ಗಂಡಸಿಗಾಗಿ ಕಾದಾಡಿದ ಕಥೆಯಾಗಿ ಇಳಿದುಬಿಡುತ್ತದೆ. ಹುಡುಗಿ ಕೊನೆಯಲ್ಲಿ ರೇಗುವುದು ಹೋಪೊಯೆಗಾಗಿ ಎಂಬುದು ಅಲ್ಲಿ ಕಾಣೆಯಾಗುತ್ತದೆ. ಹಾಡುಗಳನ್ನು ಕತ್ತರಿಸಿದಾಗ ಆಕೆಯ ಬೆಳವಣಿಗೆಯೂ ಕತ್ತರಿಸಿ ಹೋಗುತ್ತದೆ, ಏಕೆಂದರೆ ಮೊದಲ ಹಾಡುಗಳಲ್ಲಿ ಆಕೆ ನೆರವು ಬೇಡುತ್ತಾಳೆ, ನಡುವಿನವುಗಳಲ್ಲಿ ಊರುಗಳನ್ನು ಹೆಸರಿಸಿ ಗುರುತಿಸುತ್ತಾಳೆ, ಕೊನೆಯವುಗಳಲ್ಲಿ ಅಕ್ಕನ ಮೇಲೆ ತೀರ್ಪು ಕೊಡುತ್ತಾಳೆ. ಆಕೆಯ ವಯಸ್ಸಿನ ಲೆಕ್ಕ ಕಥೆಗೆ ಬೇಕಾಗಿಲ್ಲ. ಹಾಡಿನ ದನಿ ಬದಲಾಗುವುದರಲ್ಲೇ ಅದು ತಿಳಿಯುತ್ತದೆ.

ಒಂದು ಇತ್ತೀಚಿನ ಘಟನೆಯನ್ನು ಸೇರಿಸಿ ಮುಗಿಸುತ್ತೇವೆ. 2018ರ ಮೇ ತಿಂಗಳಿನಲ್ಲಿ ಪುನ ಸೀಮೆಯಲ್ಲಿ ನೆಲ ಬಿರಿದು ಲಾವಾ ಹರಿದು 700ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅದೇ ಕಾಲಕ್ಕೆ ಕಿಲಾವೆಯದ ನೆತ್ತಿ ತಿಂಗಳುಗಟ್ಟಲೆ ಹಂತಹಂತವಾಗಿ ಕುಸಿದು, ಹಲೆಮಅಉಮಅಉ ಕುಂಡದ ತಳ ಸುಮಾರು 500 ಮೀಟರು ಕೆಳಗಿಳಿಯಿತು. ಕೆಳಗೆ ಲಾವಾ ಹರಿಯುವುದಕ್ಕೂ ಮೇಲೆ ನೆತ್ತಿ ಕುಸಿಯುವುದಕ್ಕೂ ಇರುವ ಸಂಬಂಧವನ್ನು ವಿಜ್ಞಾನಿಗಳು ಉಪಕರಣಗಳಿಂದ ದಿನದಿನವೂ ಅಳೆದರು. ಮರುವರ್ಷದ ಜುಲೈ ತಿಂಗಳಿನಲ್ಲಿ ಆ ಆಳದ ತಳದಲ್ಲಿ ಹಸಿರು ಬಣ್ಣದ ಒಂದು ಚಿಕ್ಕ ನೀರಿನ ಮಡು ಕಾಣಿಸಿತು. ಕುಸಿದ ತಳವು ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದುದೇ ಅದಕ್ಕೆ ಕಾರಣ. ಬರೆದಿಟ್ಟ ದಾಖಲೆಗಳ ಕಾಲದಲ್ಲಿ ಆ ಕುಂಡದಲ್ಲಿ ನೀರು ನಿಂತುದು ಅದೇ ಮೊದಲು. ಮಡು ಬೆಳೆದು ಸುಮಾರು 50 ಮೀಟರು ಆಳದ ಕೆರೆಯಾಯಿತು. 2020ರ ಡಿಸೆಂಬರ್ 20ರ ರಾತ್ರಿ ಲಾವಾ ಮತ್ತೆ ಚಿಮ್ಮಿ, ಆ ನೀರನ್ನೆಲ್ಲ ಕೆಲವೇ ಗಂಟೆಗಳಲ್ಲಿ ಆವಿ ಮಾಡಿತು.